ನರಿಮೊಗರಿನಲ್ಲಿ ‘ನಗು’ ಉಂಟಾ? ಒಂದು ಪದದಾಟದ ಜಗಳ

ಇವತ್ತು ಪೀಠಿಕೆ ಇಲ್ಲ, ಸೀದಾ ಒಗಟಿಗೆ ಹೋಗುವ. ಇಯರ್‌ಫೋನ್ ಸರಿ ಮಾಡ್ಕೊಳ್ಳಿ.

ಮೂರಕ್ಷರದ ನಾನು ಒಂದು ದೊಡ್ಡ ಊರು. ಮೊದಲ ಅಕ್ಷರ ತೆಗೆದರೆ ತೆಂಗಿನ ಮರದ ತುದಿಯಲ್ಲಿ ಇರ್ತೇನೆ. ನಡುವಿನ ಅಕ್ಷರ ತೆಗೆದರೆ ಮಕ್ಕಳ ಕತೆಗಳಲ್ಲಿ ಕಾಗೆಗೆ ಮೋಸ ಮಾಡ್ತೇನೆ. ಕೊನೆಯ ಅಕ್ಷರ ತೆಗೆದರೆ ಅಜ್ಜಿಯ ಕಪಾಟಿನಲ್ಲಿ ಬೀಗದೊಳಗೆ ಇರ್ತೇನೆ. ನಾನು ಯಾರು?

ಒಂದು ಸುಳಿವು ಕೊಡ್ತೇನೆ. ಕಬಕ ಪುತ್ತೂರಿನಿಂದ ಸುಬ್ರಹ್ಮಣ್ಯ ರೋಡ್ ಕಡೆಗೆ ರೈಲಿನಲ್ಲಿ ಹೋಗುವಾಗ ನರಿಮೊಗರು ಅಂತ ಒಂದು ಸಣ್ಣ ನಿಲ್ದಾಣ ಸಿಗ್ತದೆ. ಉತ್ತರದ ಮೂರೂ ಅಕ್ಷರ ಆ ಬೋರ್ಡಿನಲ್ಲೇ ಉಂಟು.

ಬೇಕಾದರೆ ಇಲ್ಲಿ ಪಾಸ್ ಮಾಡಿ. ಆಯ್ತಾ? ಉತ್ತರ: ನಗರಿ. ಮೊದಲಕ್ಷರ ಹೋದರೆ ಗರಿ, ನಡುವಿನದ್ದು ಹೋದರೆ ನರಿ, ಕೊನೆಯದ್ದು ಹೋದರೆ ನಗ. ಒಂದು ಹಳ್ಳಿಯ ಹೆಸರಿನೊಳಗೆ ಇಡೀ ನಗರಿ ಅಡಗಿ ಕೂತಿದೆ, ನೋಡಿ.

ಈ ಒಗಟು ನನಗೆ ಹೊಳೆದದ್ದು ಒಂದು ಜಗಳದಿಂದ. ಇವತ್ತಿನ ಸಂಚಿಕೆ ಆ ಜಗಳದ ಬಗ್ಗೆ.

ನನ್ನ ದೊಡ್ಡಮ್ಮನ ಮನೆ ಇರುವುದು ನರಿಮೊಗರಿನಲ್ಲಿ. ಮಳೆಗಾಲದ ಒಂದು ಸಂಜೆ ಕರೆಂಟು ಹೋಗಿತ್ತು. ನೆಟ್‌ವರ್ಕ್ ಒಂದು ಕಡ್ಡಿ ಬರ್ತಿತ್ತು, ಹೋಗ್ತಿತ್ತು. ಹಲಸಿನ ಹಪ್ಪಳ ಕಾಯಿಸಿ ತಟ್ಟೆಯಲ್ಲಿ ಇಟ್ಟಿದ್ದರು. ಆಟ ಶುರುವಾದದ್ದು ಎದುರುಕತೆಯಿಂದ. ತುಳುವಿನಲ್ಲಿ ಒಗಟಿಗೆ ಎದುರುಕತೆ ಅಂತಾರೆ. ಎದುರಿಗೆ ಕೂತವರಿಗೆ ಎಸೆಯುವ ಕತೆ ಅಂತ ನಾನು ಅರ್ಥ ಮಾಡ್ಕೊಂಡಿದ್ದೇನೆ, ಪಂಡಿತರು ಬೇರೆ ಹೇಳಬಹುದು. ನಾನು ಒಂದು ಕಟ್ಟಿ ಹೇಳಿದೆ: ‘ಮನೆಗೆ ಬಂದ ನೆಂಟ ಒಳಗೆ ಕೂರಲಿಲ್ಲ, ಬಾಗಿಲಿನ ಹೊರಗೇ ಜೋತು ಬಿದ್ದ, ಆದರೂ ಮನೆಗಿಂತ ಅವನಿಗೇ ಬೆಲೆ.’ ದೊಡ್ಡಮ್ಮ ಕಣ್ಣು ಮಿಟುಕಿಸುವುದರೊಳಗೆ ‘ಗೇರುಬೀಜ’ ಅಂದರು. ಹಣ್ಣಿನ ಹೊರಗೆ ನೇತಾಡುವ ಬೀಜ ಅದೊಂದೇ ಅಲ್ವಾ. ಗೇರು ಸಂಶೋಧನಾ ನಿರ್ದೇಶನಾಲಯ ಇರುವುದೇ ಪುತ್ತೂರಿನಲ್ಲಿ, ಅಲ್ಲಿಯವರ ಹತ್ತಿರ ಈ ಒಗಟು ನಡೆಯುತ್ತದಾ!

ಆಮೇಲೆ ದೊಡ್ಡಮ್ಮನ ಮೊಮ್ಮಗಳು ಆಟ ಬದಲಿಸಿದಳು. ನಾಲ್ಕನೇ ಕ್ಲಾಸಿನ ಹುಡುಗಿ. ‘ನರಿಮೊಗರು’ ಅಂತ ನೋಟ್‌ಬುಕ್ಕಿನಲ್ಲಿ ಬರೆದು, ಇದರೊಳಗಿನ ಅಕ್ಷರದಿಂದ ಹೊಸ ಪದ ಮಾಡಬೇಕು, ಹೆಚ್ಚು ಮಾಡಿದವರಿಗೆ ಕೊನೆಯ ಹಪ್ಪಳ ಅಂದಳು. ನಾನು ನರಿ, ಮೊಗ ಅಂದೆ. ದೊಡ್ಡಮ್ಮ ಗರಿ ಅಂದರು. ಹುಡುಗಿ ಹೇಳಿದ್ದು: ನಗು.

ಅವರು ಮಾತಾಡುವುದು ತುಳುವಿನಲ್ಲಿ, ನಿಮಗೆ ಕನ್ನಡದಲ್ಲಿ ಹೇಳ್ತೇನೆ.

‘ನಗು ಎಲ್ಲುಂಟು ಮಾರಾಯ್ತಿ?’

‘ಉಂಟು ಅಜ್ಜಿ. ನ ಉಂಟು, ಗ ಉಂಟು. ರು ಇದೆಯಲ್ಲ, ಅದರ ಕೊಂಬು ತೆಗೆದು ಗ-ಕ್ಕೆ ಇಟ್ಟೆ.’

‘ನರಿಮೊಗರು ಅಂತ ಬಾಯಲ್ಲಿ ಹೇಳು ನೋಡುವ. ಗು ಕೇಳ್ತದಾ? ಕೇಳದಿದ್ದರೆ ಇಲ್ಲ.’

ದೊಡ್ಡಮ್ಮ ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವರು. ಅವರಿಗೆ ಅಕ್ಷರ ಎಂದರೆ ಕಿವಿಗೆ ಕೇಳುವ ಒಂದು ತುಂಡು. ಹುಡುಗಿಗೆ ಅಕ್ಷರ ಎಂದರೆ ಪೆನ್ಸಿಲಿನಲ್ಲಿ ಬರೆಯುವಾಗ ಸೇರಿಸುವ ಭಾಗಗಳು. ಹಪ್ಪಳ ದೊಡ್ಡಮ್ಮನಿಗೆ ಹೋಯಿತು. ಹುಡುಗಿ ಮುಖ ಊದಿಸಿ ಒಳಗೆ ಹೋದಳು. ‘ನೀವಾದರೂ ಹೇಳಿ, ನಂದು ತಪ್ಪಾ?’ ಅಂತ ನನ್ನನ್ನು ಕೇಳಿದಳು. ನನಗೆ ಆಗ ಸರಿಯಾಗಿ ಉತ್ತರ ಕೊಡಲಿಕ್ಕೆ ಆಗಲಿಲ್ಲ. ಈಗ ಕೊಡಲಿಕ್ಕೆ ನೋಡ್ತೇನೆ.

ಪತ್ರಿಕೆಯ ಪದಬಂಧ ತೆಗೊಳ್ಳಿ. ಅಲ್ಲಿ ದೊಡ್ಡಮ್ಮನದ್ದೇ ಕಾನೂನು. ಒಂದು ಮನೆಗೆ ಒಂದು ಅಕ್ಷರ, ಅದರ ಕೊಂಬು, ಗುಡಿಸು, ಒತ್ತು, ಸೊನ್ನೆ ಎಲ್ಲ ಸೇರಿ. ‘ಸ್ತ್ರೀ’ ಎಂದರೆ ಒಂದೇ ಮನೆ. ನರಿಮೊಗರು ಐದು ಮನೆ, ಪುತ್ತೂರು ಮೂರು ಮನೆ, ಸುಳ್ಯ ಎರಡು, ಕಡಬ ಮೂರು. ಅಡ್ಡ ಪದದಲ್ಲಿ ‘ಗು’ ಬಂದ ಮನೆಯಲ್ಲೇ ಉದ್ದ ಪದಕ್ಕೂ ‘ಗು’ ಬರಬೇಕು, ‘ಗ’ ಬಂದರೆ ನಡೆಯುವುದಿಲ್ಲ.

ಇದು ಎಷ್ಟು ಕಷ್ಟ ಅಂತ ಒಂದು ಲೆಕ್ಕ ಮಾಡುವ. ಪದಬಂಧ ಹುಟ್ಟಿದ್ದು ಇಂಗ್ಲಿಷಿನಲ್ಲಿ. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬವರು ಹಾಕಿದ ವಜ್ರದಾಕಾರದ ಆಟ ಅದು. ಅವರ ಭಾಷೆಯಲ್ಲಿ ಒಂದು ಮನೆಗೆ ಬರಬಹುದಾದದ್ದು 26 ಅಕ್ಷರ. ನಮ್ಮ ವರ್ಣಮಾಲೆಯಲ್ಲಿ ಶಾಲೆಯ ಲೆಕ್ಕಕ್ಕೆ 49. ಆದರೆ ಮನೆಗೆ ಬರುವುದು ಬರೀ ವರ್ಣ ಅಲ್ಲ, ಕಾಗುಣಿತ. 34 ವ್ಯಂಜನಕ್ಕೆ 13 ಸ್ವರ ಹಚ್ಚಿದರೇ 442 ಆಯಿತು. ಒತ್ತಕ್ಷರ ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಕನ್ನಡ ಪದಬಂಧ ಹೆಣೆಯುವವರಿಗೆ ಒಂದು ದೊಡ್ಡ ಚಪ್ಪಾಳೆ ಕೊಡಬೇಕು ಮಾರಾಯ್ರೆ, ಕನ್ನಡದ್ದು ಸುಲಭ ಅಂತ ಹೇಳುವವರು ಒಂದು ಹೆಣೆದು ನೋಡಲಿ.

ಹಾಗಾದರೆ ಹುಡುಗಿ ಸೋತಳಾ? ನಿಲ್ಲಿ. ಈಗ ಫೋನ್ ಕೈಗೆ ತೆಗೊಳ್ಳಿ.

‘ಸ್ತ್ರೀ’ ಅಂತ ಟೈಪ್ ಮಾಡಿ. ಬ್ಯಾಕ್‌ಸ್ಪೇಸ್ ಒಂದೊಂದೇ ಸಲ ಒತ್ತಿ. ಹೆಚ್ಚಿನ ಫೋನ್‌ಗಳಲ್ಲಿ ಅಕ್ಷರ ಒಮ್ಮೆಗೇ ಅಳಿಯುವುದಿಲ್ಲ. ಮೊದಲು ದೀರ್ಘ ಹೋಗ್ತದೆ, ಮತ್ತೆ ಒಂದೊಂದೇ ಒತ್ತು ಕಳಚಿಕೊಳ್ತದೆ, ಈರುಳ್ಳಿ ಸುಲಿದ ಹಾಗೆ. ಯಾಕೆಂದರೆ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ, ನಿಮ್ಮ ಫೋನಿನ ಎಲ್ಲ ಅಕ್ಷರಕ್ಕೂ ನಂಬರ್ ಕೊಡುವುದು ಅದೇ, ‘ಸ್ತ್ರೀ’ಗೆ ಒಂದು ನಂಬರ್ ಇಲ್ಲ. ಸ, ಒಂದು ವಿರಾಮ ಚಿಹ್ನೆ, ತ, ಮತ್ತೊಂದು ವಿರಾಮ ಚಿಹ್ನೆ, ರ, ಕೊನೆಗೆ ದೀರ್ಘ ಈಕಾರ. ಒಟ್ಟು ಆರು ತುಂಡು. ನಾವು ಒಂದೇ ಅಕ್ಷರ ಅಂದುಕೊಂಡದ್ದು ಫೋನಿನ ಹೊಟ್ಟೆಯಲ್ಲಿ ಆರಾಗಿ ಕೂತಿರ್ತದೆ. ಪರದೆಗೆ ಬರುವಾಗ ಮಾತ್ರ ಫಾಂಟ್ ಅದನ್ನು ಜೋಡಿಸಿ ತೋರಿಸ್ತದೆ.

‘ರು’ ಕೂಡ ಹಾಗೆಯೇ: ರ ಬೇರೆ, ಕೊಂಬು ಬೇರೆ. ಹುಡುಗಿ ಮಾಡಿದ್ದು ಇದನ್ನೇ! ಕೊಂಬು ಬಿಡಿಸಿ ಗ-ಕ್ಕೆ ಇಟ್ಟಳು. ಫೋನ್ ನ್ಯಾಯಾಧೀಶ ಆಗಿದ್ದರೆ ಹಪ್ಪಳ ಅವಳಿಗೆ.

ಈಗ ನನಗೆ ತುಂಬಾ ಇಷ್ಟವಾದ ಲೆಕ್ಕ. ನರಿಮೊಗರು: ನ, ರ, ಗುಡಿಸು, ಮ, ಒಕಾರ, ಗ, ರ, ಕೊಂಬು. ಎಂಟು ತುಂಡು. ಪುತ್ತೂರು: ಪ, ಕೊಂಬು, ತ, ವಿರಾಮ, ತ, ಊಕಾರ, ರ, ಕೊಂಬು. ಅದೂ ಎಂಟು! ಪದಬಂಧದಲ್ಲಿ ಹಳ್ಳಿಗೆ ಐದು ಮನೆ, ಪೇಟೆಗೆ ಮೂರೇ ಮನೆ. ಫೋನಿಗೆ ಎರಡೂ ಸಮ. ಕಡಬಕ್ಕೆ ಮಾತ್ರ ಯಾವ ಗೊಂದಲವೂ ಇಲ್ಲ, ಬರೆದರೂ ಮೂರು, ಫೋನಿನಲ್ಲೂ ಮೂರು.

ಇನ್ನೊಂದು ಅಳತೆಗೋಲೂ ಉಂಟು, ಹೈಸ್ಕೂಲಿನಲ್ಲಿ ನಮ್ಮನ್ನು ಗೋಳು ಹೊಯ್ದುಕೊಂಡದ್ದು. ಛಂದಸ್ಸು. ಲಘು ಎಂದರೆ ಒಂದು ಮಾತ್ರೆ, ಗುರು ಎಂದರೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರ ಗುರು ಆಗ್ತದೆ, ನೆನಪುಂಟಾ? ಪುತ್ತೂರಿನ ‘ಪು’ ಆ ಕಾರಣಕ್ಕೆ ಎರಡು, ‘ತ್ತೂ’ ದೀರ್ಘ ಆದ್ದರಿಂದ ಎರಡು, ‘ರು’ ಒಂದು. ಒಟ್ಟು ಐದು. ನರಿಮೊಗರಿನಲ್ಲಿ ಐದೂ ಲಘು, ಒಟ್ಟು ಐದು. ಅಲ್ಲೂ ಸಮ. ಬಸ್ಸಿನ ಕಂಡಕ್ಟರ್ ಎರಡೂ ಊರಿನ ಹೆಸರನ್ನು ಕೂಗಲಿಕ್ಕೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ತೆಗೊಳ್ತಾನೆ ಅಂತ ಆಯ್ತು.

ಈ ಎರಡು ಅಳತೆಗೋಲುಗಳು, ಅಂದರೆ ಛಂದಸ್ಸು ಮತ್ತು ಕಂಪ್ಯೂಟರ್, ನಮ್ಮ ಕರಾವಳಿಯಲ್ಲಿ ಒಂದು ಕಡೆ ಭೇಟಿ ಆಗಿವೆ. ಸೇಡಿಯಾಪು ಕೃಷ್ಣ ಭಟ್ಟರು ದಕ್ಷಿಣ ಕನ್ನಡದ ವಿದ್ವಾಂಸರು, ‘ಕನ್ನಡ ವರ್ಣಗಳು’, ‘ಛಂದೋಗತಿ’ ಅಂತ ಪುಸ್ತಕ ಬರೆದವರು. ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ದಾರಿ ಮಾಡಿದ ಕೆ.ಪಿ. ರಾವ್ ತಮ್ಮ ತಂತ್ರಾಂಶಕ್ಕೆ ಇಟ್ಟ ಹೆಸರು ‘ಸೇಡಿಯಾಪು’. ಕಗಪ ಕೀಲಿಮಣೆಯ ವಿನ್ಯಾಸ ರಾಯರದ್ದೇ. ಅದರಲ್ಲಿ ಅಕ್ಷರವನ್ನು ಕಟ್ಟುವುದು ಹುಡುಗಿ ಕಟ್ಟಿದ ಹಾಗೇ: ಮೊದಲು ವ್ಯಂಜನದ ಕೀಲಿ, ಆಮೇಲೆ ಸ್ವರದ ಕೀಲಿ.

ನಿಮ್ಮಲ್ಲಿ ತುಂಬ ಜನ ವರ್ಡಲ್ ಆಡಿದ್ದೀರಿ. 2021ರ ಅಕ್ಟೋಬರಿನಲ್ಲಿ ಜಾಶ್ ವಾರ್ಡಲ್ ಎಲ್ಲರಿಗೂ ಬಿಟ್ಟ ಆಟ, 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು. ಸರಿಯಾದ ಅಕ್ಷರ ಸರಿಯಾದ ಜಾಗದಲ್ಲಿ ಇದ್ದರೆ ಹಸಿರು, ಅಕ್ಷರ ಇದ್ದೂ ಜಾಗ ತಪ್ಪಿದರೆ ಹಳದಿ, ಇಲ್ಲವೇ ಇಲ್ಲದಿದ್ದರೆ ಬೂದು. ಈ ಆಟವನ್ನು ಕನ್ನಡದಲ್ಲಿ ಮಾಡುವಾಗ ಏನಾಗ್ತದೆ? ಉತ್ತರ ‘ಮರಿ’, ನೀವು ಹಾಕಿದ್ದು ‘ಮರ’. ಎರಡನೇ ಮನೆಗೆ ಯಾವ ಬಣ್ಣ? ಬೂದು ಕೊಟ್ಟರೆ ಅನ್ಯಾಯ, ರಕಾರ ಸರಿ ಇದೆಯಲ್ಲ. ಹಸಿರು ಕೊಟ್ಟರೆ ಸುಳ್ಳು. ಇಂಗ್ಲಿಷಿನ ಒಂದು ಅಕ್ಷರ ಅರ್ಧ ಸರಿ ಆಗುವುದು ಅಂತ ಇಲ್ಲ, ನಮ್ಮದು ಆಗ್ತದೆ. ಹಾಗಾಗಿ ಕನ್ನಡಕ್ಕೆ ನಾಲ್ಕನೇ ಬಣ್ಣ ಒಂದು ಬೇಕು ಅಂತ ನನ್ನ ವಾದ. ‘ವ್ಯಂಜನ ಸರಿ, ಗುಣಿತ ತಪ್ಪು’ ಅಂತ ಹೇಳುವ ಬಣ್ಣ. ಆಟ ತಯಾರಿಸುವವರು ಯಾರಾದರೂ ಕೇಳ್ತಾ ಇದ್ದರೆ, ಇಂಗ್ಲಿಷ್ ಆಟದ ಕೋಡ್ ತಂದು ಅಕ್ಷರ ಮಾತ್ರ ಬದಲಿಸಬೇಡಿ. ‘ಪುತ್ತೂರು’ ಎಂಟು ಮನೆಗೆ ಹರಡಿ, ಒಂದು ಮನೆಯಲ್ಲಿ ಬರೀ ಕೊಂಬು ಕೂತಿರ್ತದೆ.

ತುಳುವಿನಲ್ಲಿ ಆಡುವುದಾದರೆ ಇನ್ನೊಂದು ತೊಡಕು. ‘ಯಾನ್ ಬತ್ತೆ’ ಎಂದರೆ ನಾನು ಬಂದೆ. ‘ಆಯೆ ಬತ್ತೆ’ ಎಂದರೆ ಅವನು ಬಂದ. ಬಾಯಲ್ಲಿ ಎರಡು ‘ಬತ್ತೆ’ಗಳ ಕೊನೆಯ ಸ್ವರ ಬೇರೆ ಬೇರೆ, ತುಳುವರ ಕಿವಿಗೆ ತಕ್ಷಣ ಗೊತ್ತಾಗ್ತದೆ. ಕನ್ನಡ ಲಿಪಿಯಲ್ಲಿ ಸಾಮಾನ್ಯವಾಗಿ ಎರಡನ್ನೂ ಬರೆಯುವುದು ಒಂದೇ ಥರ. ಬರೆದ ಪದಬಂಧದಲ್ಲಿ ಇವು ಒಂದೇ ಉತ್ತರ, ದೊಡ್ಡಮ್ಮನ ಕಿವಿಯ ಕಾನೂನಿನಲ್ಲಿ ಎರಡು ಉತ್ತರ. 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16ನೇ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೂ ಜಾಗ ಸಿಕ್ಕಿದೆ. ಅದರಲ್ಲಿ ಪದದಾಟ ಮಾಡುವ ಮಕ್ಕಳು ಈ ಜಗಳವನ್ನು ಮೊದಲಿನಿಂದ ಆಡಬೇಕು.

ಇನ್ನು ಹುಡುಗಿಯ ಪ್ರಶ್ನೆಗೆ ಬರುವ. ನಂದು ತಪ್ಪಾ?

ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ನಮ್ಮ ಮಕ್ಕಳಿಗೆ ಎಲ್ಲ ಅಕ್ಷರ ಕೈವಶವಾಗಲು ಒಂದೆರಡು ವರ್ಷ ಸಾಲುವುದಿಲ್ಲ, ನಾಲ್ಕನೇ ತರಗತಿವರೆಗೂ ಎಳೆಯುತ್ತದೆ ಅಂತ ಅದರಲ್ಲಿ ಕಂಡಿತು. ಅಕ್ಷರವನ್ನು ಒಡೆದು ಒಳಗಿನ ಒಂದೊಂದೇ ಧ್ವನಿ ಬೇರೆ ಮಾಡುವ ಶಕ್ತಿ ಇನ್ನೂ ನಿಧಾನವಾಗಿ ಬರ್ತದೆ. ‘ರು’ವನ್ನು ಇಡಿಯಾಗಿ ಕೇಳುವುದು ಸಹಜ, ಅದರಿಂದ ಉಕಾರ ಎಳೆದು ತೆಗೆಯುವುದು ಕಷ್ಟದ ಕೆಲಸ. ಅಂದರೆ ಆ ಸಂಜೆ ಹಪ್ಪಳ ಕಳೆದುಕೊಂಡವಳು ನಮ್ಮೆಲ್ಲರಿಗಿಂತ ಕಷ್ಟದ ಲೆಕ್ಕ ಮಾಡಿದ್ದಳು. ತಪ್ಪು ಅವಳದ್ದಲ್ಲ. ಆಟ ಶುರು ಮಾಡುವ ಮೊದಲು ‘ಅಕ್ಷರ ಒಡೆಯಬಹುದಾ?’ ಅಂತ ನಾವ್ಯಾರೂ ಕೇಳಿರಲಿಲ್ಲ.

ಮೊನ್ನೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ‘ಹಾಗಾದರೆ ಆ ಹಪ್ಪಳ?’ ಅಂದಳು. ದೊಡ್ಡಮ್ಮ ಹಿಂದಿನಿಂದ, ‘ಬರುವಾಗ ನೀನೇ ತಾ, ನ್ಯಾಯ ಹೇಳಿದವನು ನೀನಲ್ವಾ’ ಅಂದರು. ಈಗ ಅವರ ಮನೆಯಲ್ಲಿ ಎರಡು ಆಟ ನಡೆಯುತ್ತದಂತೆ. ಅಜ್ಜಿಯ ಆಟದಲ್ಲಿ ಅಕ್ಷರ ಇಡಿ. ಮೊಮ್ಮಗಳ ಆಟದಲ್ಲಿ ಕೊಂಬು, ಗುಡಿಸು ಎಲ್ಲ ಕಳಚಬಹುದು.

ನೀವೂ ಎರಡೂ ಥರ ಆಡಿ ನೋಡಿ. ಪದ ನರಿಮೊಗರು, ಸಮಯ ಮೂರು ನಿಮಿಷ. ಉತ್ತರ ಈಗಲೇ ಬೇಡ ಅನ್ನುವವರು ಇಲ್ಲಿಗೆ ನಿಲ್ಲಿಸಿ.

ಅಜ್ಜಿಯ ಆಟದಲ್ಲಿ ನನಗೆ ಸಿಕ್ಕಿದ್ದು ಐದು: ನರಿ, ಮೊಗ, ಗರಿ, ನಗ, ನಗರಿ. ಮೊಮ್ಮಗಳ ಆಟದಲ್ಲಿ ಈ ಐದರ ಜೊತೆ ನಗು, ಮಗು, ಮಗ, ಮರ, ಮರಿ, ನರ, ಗುರಿ, ನಗರ. ಇನ್ನೂ ಇರಬಹುದು, ಸಿಕ್ಕಿದರೆ ವಾಯ್ಸ್ ಮೆಸೇಜ್ ಕಳಿಸಿ. ‘ಗುರು’ ಅಂತ ಬರೆದವರು ಮಾತ್ರ ಅದನ್ನು ಹೊಡೆದು ಹಾಕಿ. ನರಿಮೊಗರಿನಲ್ಲಿ ಇರುವುದು ಒಂದೇ ಕೊಂಬು.