ಸಿಂಕಿನ ನಲ್ಲಿ: ಬಿಚ್ಚಿ ಕೂರಿಸುವ ಕಸುಬು

ಬೆಂಗಳೂರಿನ ಅಡುಗೆಮನೆಗೆ ಬರುವ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಸಾಗಿ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರ ಏರಿ ಬರುತ್ತದೆ. ಪಂಪು, ಉಕ್ಕಿನ ಕೊಳವೆ, ಸಂಪು, ತಾರಸಿಯ ಟ್ಯಾಂಕು ಎಲ್ಲವನ್ನೂ ದಾಟಿದ ಮೇಲೆ, ಹಳೆಯ ನಲ್ಲಿಗಳಲ್ಲಿ ಅದನ್ನು ತಡೆದು ನಿಲ್ಲಿಸುವುದು ಉಗುರಿನಗಲದ ಒಂದು ರಬ್ಬರ್ ವಾಷರ್. ಅದು ಸವೆದರೆ ನಲ್ಲಿ ತೊಟ್ಟಿಕ್ಕುತ್ತದೆ. 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ, ಸೆಕೆಂಡಿಗೊಂದು ಹನಿಯಂತೆ ದಿನಕ್ಕೆ 4 ಲೀಟರಿಗಿಂತ ಹೆಚ್ಚು, ವರ್ಷಕ್ಕೆ 1,500 ಲೀಟರಿಗಿಂತ ಹೆಚ್ಚು ನೀರು ಮೋರಿ ಸೇರುತ್ತದೆ.

ಸ್ಪಿಂಡಲ್ ತಿರುಗಿಸಿ ವಾಷರನ್ನು ಕೆಳಗೊತ್ತಿ ನೀರು ನಿಲ್ಲಿಸುವ ಈ ಬಗೆಯ ನಲ್ಲಿಗೆ ಇಂಗ್ಲೆಂಡಿನ ರಾದರಂನಲ್ಲಿ ಗೆಸ್ಟ್ ಅಂಡ್ ಕ್ರೈಮ್ಸ್ ಕಾರ್ಖಾನೆಯವರು ಪೇಟೆಂಟ್ ಪಡೆದದ್ದು 1845ರಲ್ಲಿ. ಈಗ ಅಂಗಡಿಯಲ್ಲಿ ಹೆಚ್ಚು ಕಾಣುವುದು ಕಾಲು ಸುತ್ತಿಗೇ ತೆರೆಯುವ ‘ಕ್ವಾರ್ಟರ್ ಟರ್ನ್’ ನಲ್ಲಿ. ಅದರೊಳಗೆ ಎರಡು ಸೆರಾಮಿಕ್ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ. ತೂತಿಗೆ ತೂತು ಸೇರಿದರೆ ನೀರು, ತಪ್ಪಿದರೆ ಬಂದ್. ವಾಷರ್ ಸವೆಯುವ ಗೊಡವೆ ಇದಕ್ಕಿಲ್ಲ. ಆದರೆ ಬಿಲ್ಲೆಗಳ ನಡುವೆ ಮರಳಿನ ಕಣ ಸಿಕ್ಕಿಕೊಂಡರೆ ಗೀರು ಬಿದ್ದು ಸೋರತೊಡಗುತ್ತದೆ.

ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದದ್ದು, ನಲ್ಲಿಯನ್ನೇ ಬದಲಾಯಿಸಬೇಕೇ ಎಂದು. ತೊಟ್ಟಿಕ್ಕುವ ಹಳೆಯ ನಲ್ಲಿಗೆ ವಾಷರ್, ಕಾಲುಸುತ್ತಿನದಕ್ಕೆ ಒಳಗಿನ ಕಾರ್ಟ್ರಿಜ್ ಹಾಕಿದರೆ ಸಾಕಾಗಬಹುದು. ಮೈ ಸೀಳಿದ್ದರೆ, ಥ್ರೆಡ್ ತಿಂದುಹೋಗಿದ್ದರೆ ಹೊಸದೇ ಬೇಕು.

ಗೋಡೆಯಿಂದ ಹೊರಡುವ ನಲ್ಲಿಗೆ ಅಂಗಡಿಯವರ ಮಾತಿನಲ್ಲಿ ‘ಸಿಂಕ್ ಕಾಕ್’ ಎಂದು ಹೆಸರು. ಸಿಂಕಿನ ಮೇಲೋ ಕಲ್ಲಿನ ಮೇಲೋ ನಿಲ್ಲುವುದು ‘ಪಿಲ್ಲರ್ ಕಾಕ್’. ಯಾವುದು ಬೇಕೆಂದು ತಿಳಿಯದೆ ಕೊಂಡರೆ ಮತ್ತೆ ಅಂಗಡಿಗೆ ಹೋಗಬೇಕಾಗುತ್ತದೆ. ಅಳತೆ ಮಾತ್ರ ಸಾಮಾನ್ಯವಾಗಿ ಒಂದೇ: ಅರ್ಧ ಇಂಚು. ಇದು ಕೊಳವೆಯ ಒಳಗಾತ್ರದ ಹಳೆಯ ಲೆಕ್ಕ. ಥ್ರೆಡ್‌ನ ಹೊರಮೈಗೆ ಅಳತೆಪಟ್ಟಿ ಹಿಡಿದರೆ ಸುಮಾರು 21 ಮಿಲಿಮೀಟರ್ ಬರುತ್ತದೆ. ಭಾರತದಲ್ಲಿ ಬಳಕೆಯಲ್ಲಿರುವುದು ಬ್ರಿಟಿಷ್ ಥ್ರೆಡ್, ಅಂದರೆ ಇಂಚಿಗೆ 14 ಸುತ್ತು, 55 ಡಿಗ್ರಿ ಕೋನ. ಅಮೆರಿಕದ ಅರ್ಧ ಇಂಚಿಗೂ 14 ಸುತ್ತೇ, ಆದರೆ ಕೋನ 60 ಡಿಗ್ರಿ. ಅಲ್ಲಿಂದ ಮಕ್ಕಳು ತಂದುಕೊಟ್ಟ ಚೆಂದದ ನಲ್ಲಿ ಇಲ್ಲಿನ ಗೋಡೆಗೆ ಸರಿಯಾಗಿ ಕೂರದಿರುವುದು ಇದಕ್ಕೇ.

ಕೆಲಸ ಶುರುವಾಗುವುದು ನೀರು ನಿಲ್ಲಿಸುವುದರಿಂದ. ಸಿಂಕಿನ ಕೆಳಗೆ ನೀರು ತಡೆಯುವ ಸಣ್ಣ ವಾಲ್ವ್, ಅಂದರೆ ಆಂಗಲ್ ಕಾಕ್ ಇದ್ದರೆ ಅದನ್ನು, ಇಲ್ಲದಿದ್ದರೆ ಟ್ಯಾಂಕಿನ ಗೇಟ್ ವಾಲ್ವ್ ಬಂದ್ ಮಾಡಿ, ಕೊಳವೆಯಲ್ಲಿ ಉಳಿದ ನೀರನ್ನು ಹರಿಸಿಬಿಡಬೇಕು. ಸಿಂಕಿನ ತೂತಿಗೆ ಬಟ್ಟೆ ತುರುಕಿಟ್ಟರೆ ಸಣ್ಣ ಸ್ಕ್ರೂ ಒಳಗೆ ಬೀಳುವುದಿಲ್ಲ. ಹಳೆಯ ನಲ್ಲಿಯನ್ನು ಎಡಕ್ಕೆ ನಿಧಾನವಾಗಿ ತಿರುಗಿಸಬೇಕು. ಗೋಡೆಯೊಳಗಿರುವುದು ಸಿಪಿವಿಸಿ ಪೈಪಾದರೆ ಇಲ್ಲಿ ಬಲಪ್ರಯೋಗ ಸಲ್ಲ. ಒಳಗಿನ ಎಲ್ಬೋ ಬಿರುಕುಬಿಟ್ಟರೆ ಟೈಲ್ಸ್ ಒಡೆಯಬೇಕಾಗುತ್ತದೆ.

ಕಸುಬಿನ ಸೂಕ್ಷ್ಮವೆಲ್ಲ ಇರುವುದು ಬಿಳಿ ಟೆಫ್ಲಾನ್ ಟೇಪಿನಲ್ಲಿ. 1938ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಬೇರೇನನ್ನೋ ಹುಡುಕುತ್ತಿದ್ದಾಗ, ಸಿಲಿಂಡರಿನೊಳಗಿನ ಅನಿಲ ತಾನಾಗಿ ಬಿಳಿ ಪುಡಿಯಾಗಿ ಮಾರ್ಪಟ್ಟು ಸಿಕ್ಕ ವಸ್ತು ಈ ಟೆಫ್ಲಾನ್. ನಲ್ಲಿಯ ಥ್ರೆಡ್ ನೋಡುವವರ ಕಡೆ ಇರುವಂತೆ ಹಿಡಿದು, ಗಡಿಯಾರದ ಮುಳ್ಳು ಸುತ್ತುವ ದಿಕ್ಕಿಗೇ ಟೇಪನ್ನು ಎಳೆದೆಳೆದು ಸುತ್ತಬೇಕು. ಉಲ್ಟಾ ಸುತ್ತಿದರೆ ನಲ್ಲಿ ತಿರುಗಿಸುವಾಗ ಟೇಪು ಸುರುಳಿ ಬಿಚ್ಚಿಕೊಂಡು ಹೊರಗೆ ಬರುತ್ತದೆ. ಗೋಡೆಯ ತೂತು ಮುಚ್ಚುವ ಬಳೆಯಾದ ಫ್ಲ್ಯಾಂಜ್ ತೊಡಿಸಿ, ಮೊದಲು ಬರಿಗೈಯಲ್ಲೇ ತಿರುಗಿಸಿ, ಬಿಗಿಯಾದ ಮೇಲೆ ನಲ್ಲಿಗೆ ಬಟ್ಟೆ ಸುತ್ತಿ ಪಾನಾ ಹಾಕುವುದು ಅನುಭವಿಗಳ ಕ್ರಮ. ನಲ್ಲಿಯ ಮೂತಿ ನೆಟ್ಟಗಾಗಲೆಂದು ಸ್ವಲ್ಪವೂ ಹಿಂದಕ್ಕೆ ತಿರುಗಿಸಬಾರದು. ಹಾಗೆ ಮಾಡಿದರೆ ಟೇಪಿನ ಹಿಡಿತ ಸಡಿಲವಾಗುತ್ತದೆ. ಬಿಚ್ಚಿ, ಇನ್ನೊಂದು ಸುತ್ತು ಟೇಪು ಹಾಕಿ ಮತ್ತೆ ಕೂರಿಸಬೇಕು.

ಈ ಕೈಹದವನ್ನು ಬದುಕಾಗಿಸಿಕೊಂಡ ಊರೊಂದಿದೆ. ಒಡಿಶಾದ ಕೇಂದ್ರಪಾರ ಜಿಲ್ಲೆಯ ಪಟ್ಟಾಮುಂಡೈ ಸುತ್ತಲಿನ ಹಳ್ಳಿಗಳ ಗಂಡಸರು ಬ್ರಿಟಿಷರ ಕಾಲದಲ್ಲೇ ಕೋಲ್ಕತ್ತದಲ್ಲಿ ಪ್ಲಂಬಿಂಗ್ ಕಲಿತು, ಅಣ್ಣನಿಂದ ತಮ್ಮನಿಗೆ, ಮಾವನಿಂದ ಅಳಿಯನಿಗೆ ವಿದ್ಯೆ ದಾಟಿಸುತ್ತ ದೇಶದ ದೊಡ್ಡ ನಗರಗಳಿಗೆಲ್ಲ ಹರಡಿಕೊಂಡರು. ಪ್ಲಂಬಿಂಗ್ ಕಲಿಸಲೆಂದೇ ಸರ್ಕಾರಿ ಸಂಸ್ಥೆಯೊಂದು ಪಟ್ಟಾಮುಂಡೈನಲ್ಲಿದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಕೊಳವೆ ಜೋಡಿಸಿದವರಲ್ಲೂ ಒಡಿಶಾದವರಿದ್ದಾರೆ. ಮನೆಯವರೇ ಒಮ್ಮೆ ನಲ್ಲಿ ಬಿಚ್ಚಿ ಕೂರಿಸಿ ನೋಡಿದರೆ ಅವರು ಕೇಳುವ ಕೂಲಿ ಎಷ್ಟು ನ್ಯಾಯವಾದದ್ದೆಂದು ಮನವರಿಕೆಯಾಗುತ್ತದೆ.

ಹೊಸ ನಲ್ಲಿ ಕೊಳ್ಳುವಾಗ ಮೂತಿಯಲ್ಲಿ ಏರೇಟರ್ ಇದೆಯೇ ಎಂದೂ ನೋಡಬೇಕು. ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಈ ಜಾಲರಿಯನ್ನು 2024ರ ಬೇಸಿಗೆಯ ಬರದಲ್ಲಿ ಬೆಂಗಳೂರು ಜಲಮಂಡಳಿ ಹೋಟೆಲು, ವಾಣಿಜ್ಯ ಕಟ್ಟಡ, ಅಪಾರ್ಟ್‌ಮೆಂಟುಗಳಿಗೆ ಕಡ್ಡಾಯ ಮಾಡಿತು. ಬೋರ್‌ವೆಲ್‌ನ ಗಡಸು ನೀರಿದ್ದಲ್ಲಿ ಜಾಲರಿಗೆ ಬಿಳಿ ಉಪ್ಪು ಕಟ್ಟುತ್ತದೆ. ಆಗಾಗ ಬಿಚ್ಚಿ ವಿನೆಗರಿನಲ್ಲಿ ನೆನೆಹಾಕಿದರೆ ಬಿಡುತ್ತದೆ. ನಲ್ಲಿ ಕೂರಿಸಿ ವಾಲ್ವ್ ತೆರೆದ ಕೂಡಲೇ ಜಾಲರಿ ಕಳಚಿಟ್ಟು ಸ್ವಲ್ಪ ಹೊತ್ತು ನೀರು ಬಿಟ್ಟರೆ ಕೊಳವೆಯ ಕಸವೆಲ್ಲ ಹೊರಬೀಳುತ್ತದೆ. ಆಮೇಲೆ ಫ್ಲ್ಯಾಂಜ್ ಸುತ್ತ ಒಣ ಕಾಗದ ಒತ್ತಿ, ಮರುದಿನ ಬೆಳಿಗ್ಗೆ ಇನ್ನೊಮ್ಮೆ ಒತ್ತಿ ನೋಡಬೇಕು. ಎರಡೂ ಸಲ ಕಾಗದ ಒಣಗಿದ್ದರೆ ಕೆಲಸ ಮುಗಿದಂತೆ.