ಹಾಲು ಸಾಲದೆಂಬ ಮಾತು

ನಮ್ಮ ಬಾಣಂತಿ ಕೋಣೆಗಳಲ್ಲಿ ತೀರ ಹಗುರವಾಗಿ ಆಡುವ, ಆದರೆ ತೀರ ಭಾರವಾಗಿ ಪರಿಣಮಿಸುವ ಮಾತೊಂದಿದೆ: 'ಹಾಲು ಸಾಲದು.' ಸಂಜೆಯ ಹೊತ್ತು ಕೂಸು ಎಡೆಬಿಡದೆ ಅತ್ತರೆ ನೋಡಬಂದ ನೆಂಟರು ಈ ತೀರ್ಪನ್ನು ಕೊಟ್ಟುಬಿಡುತ್ತಾರೆ. ಅಳದೆ ಮಲಗಿರುವ ಕೂಸನ್ನು 'ಎಷ್ಟು ಸಾಧು!' ಎಂದು ಹೊಗಳುತ್ತಾರೆ. ಹೊಟ್ಟೆ ತುಂಬಿದ ಮಗುವೂ ಮೊದಲ ವಾರಗಳಲ್ಲಿ ಸಂಜೆಗಳಲ್ಲಿ ಅಳುವುದುಂಟು. ಹಾಲು ದಕ್ಕದ ಮಗು ನಿತ್ರಾಣದಿಂದ ಸುಮ್ಮನಿರುವುದೂ ಉಂಟು. ಅಳುವಾಗಲಿ ಮೌನವಾಗಲಿ ಹಾಲಿನ ಅಳತೆಯಲ್ಲ.

ನಮ್ಮ ಭಾಷೆಯಲ್ಲಿ 'ಮೊಲೆಯೂಡು', 'ಮೊಲೆಯುಣ್ಣು' ಎಂಬ ಎರಡು ಮಾತುಗಳಿವೆ. ಊಡುವವಳು ತಾಯಿ, ಉಣ್ಣುವುದು ಮಗು. ನಾವು ಊಡುವವಳನ್ನು ಮಾತ್ರ ನೋಡಿ ತೀರ್ಪು ಕೊಡುತ್ತೇವೆ. ನಿಜವಾದ ಸಾಕ್ಷಿಯಿರುವುದು ಉಣ್ಣುವ ಮಗುವಿನಲ್ಲಿ. ಒಳಲೆಯಲ್ಲಿ ಕುಡಿಸಿದ ಹಾಲು ಎಷ್ಟೆಂಬುದು ಕಣ್ಣಿಗೆ ಕಾಣುತ್ತದೆ. ಎದೆಹಾಲು ಹಾಗೆ ಕಾಣದು. ಆದರೂ ಮಗುವಿನ ಬಾಯಿ, ಬಟ್ಟೆ, ತೂಕ ಈ ಮೂರನ್ನೂ ನೋಡಬಲ್ಲವರಿಗೆ ಅದು ಗುಟ್ಟಾಗಿ ಉಳಿಯುವುದಿಲ್ಲ.

ಚೆನ್ನಾಗಿ ಉಣ್ಣುವ ಮಗು ಬಾಯನ್ನು ಅಗಲವಾಗಿ ತೆರೆದು, ತೊಟ್ಟನ್ನಷ್ಟೇ ಅಲ್ಲದೆ ಅದರ ಸುತ್ತಲಿನ ಕಪ್ಪು ಭಾಗದ ಬಹುಪಾಲನ್ನೂ ಹಿಡಿದಿರುತ್ತದೆ. ಗದ್ದ ಎದೆಗೆ ತಾಗಿರುತ್ತದೆ. ಮೊದಮೊದಲು ಬೇಗಬೇಗನೆ ಚೀಪುತ್ತದೆ. ಹಾಲು ಇಳಿದೊಡನೆ ಗತಿ ನಿಧಾನವಾಗಿ, ಆಳವಾಗಿ, ನಡುನಡುವೆ ಗುಟುಕಿನ ಸದ್ದು ಕೇಳಿಬರುತ್ತದೆ. ಕೆನ್ನೆ ಗುಳಿಬೀಳುತ್ತಿದ್ದರೆ, ತಾಯಿಗೆ ನೋವು ನಿಲ್ಲದಿದ್ದರೆ, ಹಿಡಿತ ಸರಿಯಿಲ್ಲವೆಂದು ತಿಳಿದು ಮಗುವನ್ನು ಬಿಡಿಸಿ ಮತ್ತೆ ಹಿಡಿಸಬೇಕು.

ಹುಟ್ಟಿದಾಗ ಕಪ್ಪಗೆ ಅಂಟಂಟಾಗಿರುವ ಮಲ ಹಸಿರು ಛಾಯೆಗೆ ತಿರುಗಿ, 5ನೆಯ ದಿನದ ಹೊತ್ತಿಗೆ ಹಳದಿಯಾಗಬೇಕು. ಅಲ್ಲಿಂದ ಮುಂದೆ ದಿನಕ್ಕೆ 6 ಬಾರಿಯಾದರೂ ತಿಳಿಬಣ್ಣದ ಮೂತ್ರವಾಗಬೇಕು. ಸಕ್ಕರೆನೀರು ಕುಡಿಸುವ ಮನೆಗಳಲ್ಲಿ ಈ ಸಾಕ್ಷಿಯೂ ಕೆಡುತ್ತದೆ. ಮೊದಲ 6 ತಿಂಗಳು ಎದೆಹಾಲೊಂದೇ ಸಾಕು. ಜೇನಾಗಲಿ ನೀರಾಗಲಿ ಬೇಡ.

ಮೊದಲ ದಿನಗಳಲ್ಲಿ ತೂಕ ಕೊಂಚ ಇಳಿಯುವುದು ಸಹಜ. ಶೇಕಡ 10ಕ್ಕಿಂತ ಹೆಚ್ಚು ಇಳಿದರೆ ವೈದ್ಯರು ನೋಡಬೇಕು. ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕ ಮರಳಬೇಕು. ಆಮೇಲೆ 6 ತಿಂಗಳವರೆಗೆ ತಿಂಗಳಿಗೆ 500 ಗ್ರಾಂ ಆದರೂ ಏರಬೇಕು. ಅಂಗನವಾಡಿಯಲ್ಲಿ ತೂಗಿ ತಾಯಿ ಕಾರ್ಡಿನಲ್ಲಿ ಎಳೆಯುವ ಗೆರೆ, ನೆಂಟರ ಹತ್ತು ಅಭಿಪ್ರಾಯಗಳಿಗಿಂತ ಮೇಲು.

ಇಷ್ಟನ್ನು ಹೇಳಲು ಕಾರಣವಿದೆ. ಸೇದಿದಷ್ಟೂ ಊರುವ ಬಾವಿಯಂತೆ, ಮಗು ಕುಡಿದಷ್ಟೂ ಎದೆಯಲ್ಲಿ ಹಾಲು ಊರುತ್ತದೆ. ಸಂದೇಹಪಟ್ಟ ಮನೆಯವರು ಹಾಲುಪುಡಿಯ ಡಬ್ಬಿ ತೆರೆಯುತ್ತಾರೆ. ಅದರಿಂದ ಹೊಟ್ಟೆ ತುಂಬಿದ ಮಗು ಎದೆಯನ್ನು ಕಡಿಮೆ ಚೀಪುತ್ತದೆ. ಹಾಲು ನಿಜವಾಗಿಯೂ ಕಡಿಮೆಯಾಗುತ್ತದೆ. ಸುಳ್ಳಾಗಿದ್ದ ಮಾತು ಹೀಗೆ ನಿಜವಾಗಿಬಿಡುತ್ತದೆ. ಶಿಶುಗಳ ಹಾಲುಪುಡಿಯ ಮತ್ತು ಹಾಲಿನ ಬಾಟಲಿಯ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾಯಿದೆಯೊಂದು ನಿಷೇಧಿಸಿದೆ. ಮನೆಯೊಳಗಿನ ಮಾತನ್ನು ಯಾವ ಕಾಯಿದೆ ತಡೆದೀತು?

ಆದರೆ ಆ ಮಾತು ನಿಜವಾಗಿರುವ ಸಂದರ್ಭಗಳೂ ಇವೆ, ಆಗ ಕಿವುಡಾಗಬಾರದು. ಎಳೆಗೂಸು ದಿನಕ್ಕೆ 8ರಿಂದ 12 ಬಾರಿ ಉಣ್ಣಬೇಕು. ಅದು ಹಾಲಿಗೆ ಏಳದಿದ್ದರೆ, ಬಾಯಿ ಒಣಗಿದ್ದರೆ, ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾಗಿದ್ದರೆ, ಮೈಯ ಹಳದಿ ಹೆಚ್ಚುತ್ತಿದ್ದರೆ ಅಂದೇ ವೈದ್ಯರಲ್ಲಿಗೆ ಒಯ್ಯಬೇಕು. ಅವರ ಸಲಹೆಯಂತೆ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಬೇಕಾಗಿ ಬಂದರೆ ಅದು ತಾಯಿಯ ಸೋಲೇನೂ ಅಲ್ಲ.

ಹೆರಿಗೆಯಾಗಿ ಬಳಲಿದ, ನಿದ್ದೆಗೆಟ್ಟ ಹೆಣ್ಣಿಗೆ ತನ್ನ ಮೇಲೆಯೇ ನಂಬಿಕೆ ಕಳೆಯಲು ಒಂದು ಮಾತು ಸಾಕು. ಅದನ್ನು ಆಡುವ ಮುನ್ನ ಮನೆಯ ಹಿರಿಯರು ಒದ್ದೆ ಬಟ್ಟೆಗಳನ್ನು ಎಣಿಸಲಿ, ಮಗುವನ್ನು ತೂಗಿಸಲಿ ಎಂಬುದು ನನ್ನ ವಿನಂತಿ.