ಇಬ್ಬರೇ ಇರುವಂತಿಲ್ಲ!
ಮೊನ್ನೆ ಸ್ಕೌಟ್ ಮೀಟಿಂಗ್ ಮುಗಿದಾಗ ಜೋರು ಮಳೆ. ಒಬ್ಬ ಹುಡುಗನ ಅಪ್ಪ ಇನ್ನೂ ಬಂದಿರಲಿಲ್ಲ. "ನಾನೇ ಕಾರಲ್ಲಿ ಬಿಟ್ಟು ಬರ್ತೀನಿ" ಅಂದೆ. ಜೊತೆಗಿದ್ದ ಲೀಡರ್, "ಟ್ರೈನಿಂಗ್ ಮರೆತುಹೋಯ್ತಾ?" ಅಂದರು.

ಇಲ್ಲಿ ಅಮೆರಿಕದಲ್ಲಿ ಸ್ಕೌಟ್ ಸ್ವಯಂಸೇವಕರಾಗೋಕೆ ಮಕ್ಕಳ ಸುರಕ್ಷತೆಯ ತರಬೇತಿ 2010ರಿಂದ ಕಡ್ಡಾಯ. ಯಾವುದೇ ಚಟುವಟಿಕೆಗೆ 21 ತುಂಬಿದ ಇಬ್ಬರು ಲೀಡರ್ ಬೇಕು. ಬೇರೆಯವರ ಮಗುವಿನ ಜೊತೆ ಒಬ್ಬರೇ ಇರುವಂತಿಲ್ಲ, ಕಾರಲ್ಲೂ ಅಷ್ಟೇ, ಮೆಸೇಜಲ್ಲೂ ಅಷ್ಟೇ.

ನನ್ನನ್ನೇ ಅನುಮಾನಿಸ್ತಾರಲ್ಲ ಅಂತ ಮೊದಲು ಬೇಜಾರಾಗಿತ್ತು. ಆಮೇಲೆ ಓದಿದೆ: 2020ರಲ್ಲಿ ಬಾಯ್ ಸ್ಕೌಟ್ಸ್ ಆಫ್ ಅಮೆರಿಕ ದಿವಾಳಿ ಅರ್ಜಿ ಹಾಕಿದ ಮೇಲೆ, ಚಿಕ್ಕಂದಿನಲ್ಲಿ ಲೈಂಗಿಕ ದೌರ್ಜನ್ಯ ಆಗಿತ್ತು ಅಂತ ಬಂದ ದೂರುಗಳು 82 ಸಾವಿರಕ್ಕೂ ಹೆಚ್ಚು. ಅವರ ಅಪ್ಪ ಅಮ್ಮಂದಿರೂ ಯಾರೋ ಒಬ್ಬ 'ಒಳ್ಳೆಯವನ'ನ್ನು ನಂಬಿಯೇ ಕಳಿಸಿದ್ದು ತಾನೇ?

ಮೂವರೂ ಬಾಗಿಲಲ್ಲೇ ಅರ್ಧ ಗಂಟೆ ಕಾದೆವು. ಹುಡುಗ ನಂಗೆ ಸ್ಕ್ವೇರ್ ನಾಟ್ ಕಟ್ಟೋದು ಹೇಳಿಕೊಟ್ಟ.